ಚಿಕಿತ್ಸೆಗೆ ನೆರವುಂಟು, ಆಸ್ಪತ್ರೆಯ ದಾರಿಖರ್ಚಿಗೆ?

ಮಹಾನಗರ ಮತ್ತು ಉಪನಗರಗಳ ತುಳು-ಕನ್ನಡಿಗ ಸಂಘಟನೆಗಳ ವಾರ್ಷಿಕ ವರದಿಗಳನ್ನು ತಪ್ಪದೆ ಓದುವವರಿಗೆ ಒಂದು ಸಾಲು ಬಾಯಿಪಾಠವಾಗಿರುತ್ತದೆ. 'ವರದಿ ಸಾಲಿನಲ್ಲಿ ಇಂತಿಷ್ಟು ಮಂದಿ ಅಶಕ್ತ ಸಮಾಜ ಬಾಂಧವರಿಗೆ ವೈದ್ಯಕೀಯ ನೆರವು ವಿತರಿಸಲಾಗಿದೆ' ಎಂಬುದೇ ಆ ಸಾಲು. ಇದು ನಾವೆಲ್ಲರೂ ಹೆಮ್ಮೆಪಡಬೇಕಾದ ಸಾಲು, ಸಂದೇಹವಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ, ಕ್ಯಾನ್ಸರ್ ಚಿಕಿತ್ಸೆಗೆ, ಅಪಘಾತದಲ್ಲಿ ಗಾಯಗೊಂಡವರಿಗೆ ನಮ್ಮ ದಾನಿಗಳು ಕೊಟ್ಟ ಹಣದಿಂದ ಎಷ್ಟೋ ಮನೆಗಳ ದೀಪ ಆರದೆ ಉಳಿದಿದೆ. ಆದರೆ ಈ ವರದಿಗಳಲ್ಲಿ ಹುಡುಕಿದರೂ ಸಿಗದ ಖರ್ಚೊಂದಿದೆ. ಅದು ನಡೆಯಲಾಗದ ರೋಗಿಯನ್ನು ವಾರಕ್ಕೆ ಎರಡು, ಮೂರು ಬಾರಿ ಮನೆಯಿಂದ ಆಸ್ಪತ್ರೆಗೆ ಕೊಂಡುಹೋಗಿ ಮತ್ತೆ ಮನೆ ಸೇರಿಸುವ ಖರ್ಚು. ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಕೊಡುವುದೂ ಇಲ್ಲ. ಚಿಕಿತ್ಸೆಯ ಬಿಲ್ಲನ್ನು ಹೇಗೋ ಹೊಂದಿಸಿಕೊಂಡ ಕುಟುಂಬ ಕೊನೆಗೆ ಬಸವಳಿದು ಕೂರುವುದು ಈ ಖರ್ಚಿನ ಮುಂದೆ.

ಒಂದು ಮನೆಯ ಚಿತ್ರವನ್ನು ಓದುಗರ ಮುಂದಿಡುತ್ತೇವೆ. ಹೆಸರು ಬೇಡ, ಊರೂ ಬೇಡ. ಭಾಂಡುಪ್‌ನಲ್ಲಿ, ನಾಲಾಸೋಪಾರದಲ್ಲಿ, ಡೊಂಬಿವಲಿಯಲ್ಲಿ, ಕಲ್ವಾದಲ್ಲಿ ಇಂತಹ ಮನೆ ಕಾಣದ ಕಾರ್ಯಕರ್ತರು ಇರಲಾರರು. ಹದಿಮೂರರ ಪ್ರಾಯದಲ್ಲಿ ಊರು ಬಿಟ್ಟು ಮುಂಬಯಿ ಸೇರಿದ ಹುಡುಗ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಮುಂದೆ ಕ್ಯಾಂಟೀನಿನ ಮ್ಯಾನೇಜರ್ ಆದಾಗ ಅಕ್ಕನ ಮಕ್ಕಳಿಬ್ಬರನ್ನು ಒಬ್ಬರ ಹಿಂದೊಬ್ಬರಂತೆ ಇಲ್ಲಿಗೆ ಕರೆಸಿ ಓದಿಸಿದರು. ಅವರ ಓದು, ಅಕ್ಕನ ಮಗಳ ಮದುವೆ, ಊರಿನ ಮನೆಯ ಮಾಡು ಎನ್ನುವುದರಲ್ಲೇ ತನ್ನ ಮದುವೆಯ ಪ್ರಾಯ ಕಳೆದುಹೋಯಿತು. ಈಗ ಅವರಿಗೆ ಎಪ್ಪತ್ತರ ಹತ್ತಿರ. ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಹುಣ್ಣು ವಾಸಿಯಾಗದೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅದರ ಬೆನ್ನಿಗೇ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಭಾಂಡುಪ್‌ನ ಮೂರನೇ ಮಾಳಿಗೆಯಲ್ಲಿರುವ ಕಿರಿಯ ಅಳಿಯನ ಮನೆಯೇ ಈಗ ಅವರ ಆಶ್ರಯ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಜಾಗ ಸಿಕ್ಕಿದ್ದು ಪರೇಲ್‌ನ ಆಸ್ಪತ್ರೆಯೊಂದರಲ್ಲಿ. ಡಯಾಲಿಸಿಸ್‌ಗೆ ಹಣ ತೆರಬೇಕಾಗಿಲ್ಲ. ಇದಕ್ಕೆ ಮನೆಯವರು ದೇವರಿಗೆ ಕೈಮುಗಿದರು. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಅವರಿಗೆ ನಿಜವಾದ ಲೆಕ್ಕ ಅರ್ಥವಾಯಿತು.

ಆ ಲೆಕ್ಕವನ್ನು ನಾವೂ ಹಾಕಿ ನೋಡೋಣ. ವಾರಕ್ಕೆ 3 ಬಾರಿಯೆಂದರೆ ವರ್ಷದ 52 ವಾರಗಳಿಗೆ 156 ಬಾರಿ. ಹೋಗಿ ಬರುವುದೆಂದರೆ 312 ಪ್ರಯಾಣ. ಒಂದು ಬದಿಗೆ ಟ್ಯಾಕ್ಸಿಗೆ ಕೇವಲ 400 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 1,24,800 ರೂಪಾಯಿ, ಅಂದರೆ ತಿಂಗಳಿಗೆ 10,400 ರೂಪಾಯಿ ಆಗುತ್ತದೆ. ಲಿಫ್ಟ್ ಇಲ್ಲದ ಕಟ್ಟಡದಿಂದ ಕುರ್ಚಿಯಲ್ಲಿ ಕೂರಿಸಿ ಇಳಿಸಲು, ಏರಿಸಲು ಬರುವ ಇಬ್ಬರ ಕೈಗೆ ಕೊಡುವ ಹಣ ಇದರಲ್ಲಿ ಸೇರಿಲ್ಲ. ಜೊತೆಗೆ ಹೋಗುವವನ ಸಂಬಳ ಕಡಿತವೂ ಸೇರಿಲ್ಲ. ಒಂದು ಡಯಾಲಿಸಿಸ್ ಎಂದರೆ ಸುಮಾರು ನಾಲ್ಕು ಗಂಟೆ. ಕಾಯುವ ಹೊತ್ತು, ದಾರಿಯ ಹೊತ್ತು ಸೇರಿದರೆ ದಿನವೇ ಮುಗಿಯಿತು. ದಿನಗೂಲಿಯ ಮೇಲೆ ಅಥವಾ ಪಾಳಿಯ ಮೇಲೆ ದುಡಿಯುವವನು ವಾರದಲ್ಲಿ ಮೂರು ದಿನ ಹೀಗೆ ಹೋದರೆ ಕೆಲಸವೇ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚು ಎಷ್ಟೇ ದೊಡ್ಡದಾದರೂ ಅದಕ್ಕೊಂದು ಕೊನೆ ಇರುತ್ತದೆ. ಇದು ಹಾಗಲ್ಲ. ರೋಗಿ ಬದುಕಿರುವಷ್ಟು ಕಾಲ, ಅಥವಾ ಮೂತ್ರಪಿಂಡದ ಕಸಿ ಆಗುವವರೆಗೆ, ಈ ದಾರಿ ಸವೆಸಲೇಬೇಕು.

'ಮುಂಬಯಿಯಲ್ಲಿ ಲೋಕಲ್ ಟ್ರೈನ್ ಇರುವಾಗ ಟ್ಯಾಕ್ಸಿ ಏಕೆ?' ಎಂದು ಕೇಳುವವರಿದ್ದಾರೆ. ಲೋಕಲ್‌ನಲ್ಲಿ ಅಂಗವಿಕಲರಿಗೆಂದೇ ಪ್ರತ್ಯೇಕ ಡಬ್ಬಿ ಇರುವುದು ನಿಜ. ಕ್ಯಾನ್ಸರ್ ರೋಗಿಗಳಿಗೂ ಅದರಲ್ಲಿ ಅವಕಾಶವಿದೆ. ನಡೆಯಬಲ್ಲ ಎಷ್ಟೋ ರೋಗಿಗಳು ಅದರಲ್ಲೇ ಓಡಾಡುತ್ತಾರೆ. ಆದರೆ ಡಯಾಲಿಸಿಸ್ ಮುಗಿಸಿ ಎದ್ದವರ ಅವಸ್ಥೆ ಬೇರೆ. ಮೈಯ ನೀರನ್ನು ನಾಲ್ಕು ಗಂಟೆಯಲ್ಲಿ ಹೊರತೆಗೆದಿರುವುದರಿಂದ ರಕ್ತದೊತ್ತಡ ಇಳಿಯುತ್ತದೆ, ತಲೆ ಸುತ್ತುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಸೂಜಿ ಚುಚ್ಚಿದ ಕೈಗೆ ಪೆಟ್ಟು ತಾಗಬಾರದು, ಭಾರ ಬೀಳಬಾರದು. ಒಂದೇ ಕಾಲಿನ ಮನುಷ್ಯ ಇಂತಹ ಸ್ಥಿತಿಯಲ್ಲಿ ರೈಲಿನ ಪೂಲು ಹತ್ತಿ, ಪ್ಲಾಟ್‌ಫಾರ್ಮಿನ ಜನರ ನಡುವೆ ನುಗ್ಗಿ, ಕೆಲವೇ ಸೆಕೆಂಡು ನಿಲ್ಲುವ ಗಾಡಿಯನ್ನು ಏರುವುದಾದರೂ ಹೇಗೆ?

ಇನ್ನು ರಿಕ್ಷಾ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಹೋಗುವಂತಿಲ್ಲ ಎಂಬುದು ಮುಂಬಯಿಯಲ್ಲಿರುವ ಎಲ್ಲರಿಗೂ ಗೊತ್ತು. ಸಯನ್‌ವರೆಗೆ ರಿಕ್ಷಾದಲ್ಲಿ ಬಂದು ಅಲ್ಲಿ ಟ್ಯಾಕ್ಸಿಗೆ ಬದಲಾಯಿಸುವುದೆಂದರೆ ರೋಗಿಯನ್ನು ರಸ್ತೆ ಬದಿಯಲ್ಲಿ ಒಮ್ಮೆ ಇಳಿಸಿ ಮತ್ತೊಮ್ಮೆ ಏರಿಸಬೇಕು. ಟ್ಯಾಕ್ಸಿ ಸಿಕ್ಕಿದರೂ ಹಲವು ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕುಳಿತಿರುತ್ತದೆ. ಗಾಲಿಕುರ್ಚಿಯನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟಬೇಕು. ಅದನ್ನು ನೋಡಿಯೇ ನಿಲ್ಲಿಸದೆ ಹೋಗುವ ಚಾಲಕರೂ ಇದ್ದಾರೆ. ಮಳೆಗಾಲದಲ್ಲಿ ಹಿಂದ್‌ಮಾತಾ ಪರಿಸರದಲ್ಲಿ ಮೊಣಕಾಲೆತ್ತರ ನೀರು ನಿಂತರೆ ಪರೇಲ್ ತಲಪುವುದೇ ಒಂದು ಸಾಹಸ. 2005ರ ಜುಲೈ 26ರ ಜಲಪ್ರಳಯವನ್ನು ಕಂಡವರಿಗೆ ಈ ನಗರ ಒಂದೇ ಮಧ್ಯಾಹ್ನದಲ್ಲಿ ಹೇಗೆ ನಿಂತುಬಿಡುತ್ತದೆ ಎಂದು ವಿವರಿಸಬೇಕಾಗಿಲ್ಲ. ಆರೋಗ್ಯವಂತ ಅಂದು ಮನೆಗೆ ತಡವಾಗಿ ಸೇರಿದ. ಡಯಾಲಿಸಿಸ್ ರೋಗಿಗೆ ಅಂತಹ ಒಂದು ದಿನ ತಪ್ಪಿದರೆ ಪ್ರಾಣದ ಪ್ರಶ್ನೆ.

ಸರಕಾರದ ನೆರವು ಎಲ್ಲಿ ನಿಲ್ಲುತ್ತದೆ?

ಸರಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. 2016-17ರ ಕೇಂದ್ರ ಬಜೆಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಲಾಯಿತು. ಬಡತನ ರೇಖೆಯ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗಬೇಕೆಂಬುದು ಅದರ ಉದ್ದೇಶ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಅವಕಾಶವಿದೆ. ಹಿಂದೆ ಮನೆ-ಚಿನ್ನ ಮಾರಿ ಡಯಾಲಿಸಿಸ್ ಮಾಡಿಸುತ್ತಿದ್ದ ಎಷ್ಟೋ ಕುಟುಂಬಗಳು ಇದರಿಂದ ಉಸಿರಾಡುವಂತಾಗಿದೆ. ಆದರೆ ಈ ನೆರವು ಸಿಗುವುದು ಡಯಾಲಿಸಿಸ್ ಯಂತ್ರದ ಪಕ್ಕದ ಹಾಸಿಗೆಯಲ್ಲಿ. ಆ ಹಾಸಿಗೆಯವರೆಗೆ ತಲಪುವ ಹೊಣೆ ರೋಗಿಯದೇ. 108 ಆಂಬುಲೆನ್ಸ್ ಇರುವುದು ತುರ್ತು ಸಂದರ್ಭಕ್ಕೆ. ಮುಂಚಿತವಾಗಿ ಗೊತ್ತಿರುವ ಮಂಗಳವಾರದ ಡಯಾಲಿಸಿಸ್‌ಗೆ ಅದನ್ನು ಕರೆಯುವಂತಿಲ್ಲ, ಕರೆಯಬಾರದು ಕೂಡ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಆಂಬುಲೆನ್ಸ್ ವೆಚ್ಚವೆಂದು ಬರೆದಿರುವುದು ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಸಂದರ್ಭಕ್ಕೆ, ಅದೂ ಒಂದು ಮಿತಿಯೊಳಗೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಥಲಸ್ಸೇಮಿಯಾ, ಹಿಮೋಫೀಲಿಯಾ, ಪಾರ್ಕಿನ್‌ಸನ್ ಕಾಯಿಲೆಗಳು ಅದರಲ್ಲಿವೆ. ಮೂತ್ರಪಿಂಡದ ವೈಫಲ್ಯ ಇಲ್ಲ. ನಾವು ಹೇಳಿದ ಹಿರಿಯರಿಗೆ ಅಂಗವಿಕಲರ ಪ್ರಮಾಣಪತ್ರ ಸಿಗುವುದು ಹೋದ ಕಾಲಿನಿಂದಾಗಿ, ಕೆಟ್ಟ ಮೂತ್ರಪಿಂಡದಿಂದಲ್ಲ. ಹೆಚ್ಚಿನ ಆಸರೆ ಬೇಕಾದವರನ್ನು ನೋಡಿಕೊಳ್ಳುವವರಿಗೆ ಭತ್ತೆ ನೀಡುವ ಮಾತು ಇದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ಆದರೆ ಸರಕಾರಗಳು 'ತಮ್ಮ ಆರ್ಥಿಕ ಶಕ್ತಿಯ ಮಿತಿಯಲ್ಲಿ' ಅದನ್ನು ಮಾಡಬೇಕೆಂಬ ಷರತ್ತಿನೊಂದಿಗೆ. ಆ ಮಿತಿಯ ಆಚೆಗಿನ ಮನೆಗಳಿಗೆ ಕಾಯ್ದೆಯ ಬೆಳಕು ಇನ್ನೂ ತಲಪಿಲ್ಲ.

ಆದಾಯ ತೆರಿಗೆಯಲ್ಲಿ 80ಡಿಡಿ ಎಂದು ನಾವೆಲ್ಲ ಕರೆಯುವ ವಿನಾಯಿತಿಯ ವಿಷಯವೂ ಹೀಗೆಯೇ. ಅವಲಂಬಿತ ಅಂಗವಿಕಲರನ್ನು ಸಾಕುವವರ ಆದಾಯದಿಂದ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಳೆಯಲು ಅವಕಾಶವಿದೆ. ಆದರೆ ಇದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಮೇಲಾಗಿ ಅವಲಂಬಿತರೆಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು. ಆ ಪಟ್ಟಿಯಲ್ಲಿ ಸೋದರಮಾವನಿಲ್ಲ. ತಾಯಿಯ ತಮ್ಮನ ಹೆಗಲ ಮೇಲೆಯೇ ಮನೆ ನಿಂತಿರುತ್ತಿದ್ದ ಕರಾವಳಿಯ ಕುಟುಂಬ ಪದ್ಧತಿ ತೆರಿಗೆ ಕಾಯ್ದೆ ಬರೆದವರಿಗೆ ತಿಳಿದಿರಲಿಕ್ಕಿಲ್ಲ. ಅಳಿಯನ ಕಂಪೆನಿಯ ಆರೋಗ್ಯ ವಿಮೆಯಲ್ಲೂ ಮಾವನಿಗೆ ಸ್ಥಾನವಿಲ್ಲ. ಮದುವೆಯಾಗದೆ ಅಕ್ಕನ ಮಕ್ಕಳನ್ನು ಸಾಕಿದ ಮನುಷ್ಯ ಕಾಗದಪತ್ರಗಳ ಮಟ್ಟಿಗೆ ಯಾರಿಗೂ ಏನೂ ಆಗಬೇಕಾಗಿಲ್ಲ!

ಒಂದು ಅನುಕೂಲ ಮಾತ್ರ ಬಹಳ ಮಂದಿಗೆ ತಿಳಿಯದೆ ಹಾಳಾಗುತ್ತಿದೆ. ರೈಲ್ವೆಯಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಾಗ ಎಲ್ಲ ರಿಯಾಯಿತಿಗಳೂ ಹೋದವೆಂದು ನಮ್ಮವರು ಭಾವಿಸಿದರು. ಅದು ಸರಿಯಲ್ಲ. ನಿರ್ದಿಷ್ಟ ವರ್ಗಗಳ ಅಂಗವಿಕಲರ ಮತ್ತು ರೋಗಿಗಳ ರಿಯಾಯಿತಿ ಅಂದು ನಿಲ್ಲಲಿಲ್ಲ. ಡಯಾಲಿಸಿಸ್‌ಗೆ ಹೋಗುವ ಮೂತ್ರಪಿಂಡದ ರೋಗಿಗೂ ಅವರ ಜೊತೆಗಾರನಿಗೂ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರವಿದ್ದರೆ ಸ್ಲೀಪರ್ ಮತ್ತು ಮೂರು ಸ್ತರದ ಹವಾನಿಯಂತ್ರಿತ ದರ್ಜೆಯಲ್ಲಿ ಶೇ. 75ರಷ್ಟು ರಿಯಾಯಿತಿ ಇದೆ. ಊರಿಗೆ ಹೋಗಿ ಚಿಕಿತ್ಸೆ ಪಡೆಯುವವರಿಗೆ, ಊರಿನಿಂದ ಕೊಂಕಣ ರೈಲಿನಲ್ಲಿ ಮುಂಬಯಿಯ ಆಸ್ಪತ್ರೆಗೆ ಬರುವವರಿಗೆ ಇದು ಸಣ್ಣ ಸಹಾಯವಲ್ಲ. ಆದರೆ ಭಾಂಡುಪ್‌ನಿಂದ ಪರೇಲ್‌ಗೆ ವಾರಕ್ಕೆ ಮೂರು ದಿನದ ಟ್ಯಾಕ್ಸಿಗೆ ಇಂತಹ ಯಾವ ರಿಯಾಯಿತಿಯೂ ಇಲ್ಲ.

'ಇವತ್ತು ಬೇಡ ಮಾರಾಯ'

ಹಣ ಸಾಲದೆ ಹೋದಾಗ ಆಗುವುದೇನು? ಯಾರೂ ಬಾಯಿಬಿಟ್ಟು 'ಇನ್ನು ಕರೆದುಕೊಂಡು ಹೋಗುವುದಿಲ್ಲ' ಎನ್ನುವುದಿಲ್ಲ. ನಮ್ಮ ಜನ ಅಷ್ಟು ಕಠಿಣರಲ್ಲ. ಮೊದಲು ರೋಗಿಯೇ ಹಿಂದೆ ಸರಿಯುತ್ತಾನೆ. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅಳಿಯ ಪರ್ಸ್ ತೆರೆದು ನೋಡಿ ಮುಚ್ಚುವುದನ್ನು ಮಾವ ಕಂಡಿರುತ್ತಾರೆ. 'ಇವತ್ತು ಬೇಡ ಮಾರಾಯ, ಮೈ ಹಗುರ ಉಂಟು, ಮಂಗಳವಾರ ಹೋದರಾಯಿತು' ಎನ್ನುತ್ತಾರೆ. ಅಳಿಯನಿಗೂ ಆ ಮಾತನ್ನು ನಂಬಬೇಕೆನಿಸುತ್ತದೆ. ಗುರುವಾರದಿಂದ ಮಂಗಳವಾರದವರೆಗೆ ಐದು ದಿನ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಸೋಮವಾರ ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಆಗ ಆಂಬುಲೆನ್ಸ್, ತುರ್ತು ನಿಗಾ ಘಟಕ, ಸಾಲ. 800 ರೂಪಾಯಿ ಉಳಿಸಲು ಹೋಗಿ ಹತ್ತಾರು ಸಾವಿರದ ಬಿಲ್ಲು. ಕೆಲವೊಮ್ಮೆ ಬಿಲ್ಲು ಕಟ್ಟುವ ಪ್ರಮೇಯವೇ ಬರುವುದಿಲ್ಲ. ಮರುದಿನ ಪತ್ರಿಕೆಯ ನಿಧನ ಅಂಕಣದಲ್ಲಿ 'ಅಲ್ಪಕಾಲದ ಅಸೌಖ್ಯದಿಂದ' ಎಂದು ಪ್ರಕಟವಾಗುತ್ತದೆ. ಅಸೌಖ್ಯಕ್ಕೆ ಮದ್ದಿತ್ತು, ಯಂತ್ರವಿತ್ತು, ವೈದ್ಯರಿದ್ದರು. ಟ್ಯಾಕ್ಸಿಗೆ ದುಡ್ಡಿರಲಿಲ್ಲ ಎಂದು ಯಾರು ಬರೆಯುತ್ತಾರೆ?

ಆದ್ದರಿಂದ ನಾವು ಸ್ಪಷ್ಟವಾಗಿ ಹೇಳಬಯಸುವುದು ಇಷ್ಟೇ. ನಡೆಯಲಾಗದ ರೋಗಿಗೆ ದಾರಿಖರ್ಚು ಚಿಕಿತ್ಸೆಯ ಹೊರಗಿನ ಖರ್ಚಲ್ಲ, ಅದೂ ಚಿಕಿತ್ಸೆಯೇ. ಔಷಧಿಗೆ ಕೊಡುವ ಕೈ ಟ್ಯಾಕ್ಸಿಗೂ ಕೊಡಬೇಕು. ಮೊದಲು ಕುಟುಂಬ, ಅದರ ಹಿಂದೆ ಸಂಘ.

ಕುಟುಂಬದ ಮಾತು ಮೊದಲು. ನಮ್ಮಲ್ಲಿ ಒಂದು ಅಲಿಖಿತ ನಿಯಮ ಬೆಳೆದುಬಿಟ್ಟಿದೆ. ರೋಗಿ ಯಾರ ಮನೆಯಲ್ಲಿರುತ್ತಾರೋ ಅವರದೇ ಎಲ್ಲ ಖರ್ಚು. ಬೆಂಗಳೂರಿನಲ್ಲಿರುವ ಹಿರಿಯ ಅಳಿಯ, ಕೊಲ್ಲಿ ರಾಷ್ಟ್ರದಲ್ಲಿರುವ ಸೊಸೆ ಫೋನಿನಲ್ಲಿ 'ಮಾವ ಹೇಗಿದ್ದಾರೆ?' ಎಂದು ವಿಚಾರಿಸುತ್ತಾರೆ. ಕಾಲು ತೆಗೆದಾಗ ದೊಡ್ಡ ಮೊತ್ತವನ್ನು ಕಳುಹಿಸಿದವರೂ ಅವರೇ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಡಯಾಲಿಸಿಸ್ ಉಚಿತವೆಂದು ಕೇಳಿ ಅವರು ನಿಶ್ಚಿಂತರಾಗಿದ್ದಾರೆ, ಅಷ್ಟೇ. ಭಾಂಡುಪ್‌ನ ಅಳಿಯನಿಗೆ 'ಟ್ಯಾಕ್ಸಿಗೆ ದುಡ್ಡು ಕಳುಹಿಸು ಅಣ್ಣ' ಎಂದು ಕೇಳಲು ನಾಚಿಕೆ. ಶಸ್ತ್ರಚಿಕಿತ್ಸೆಗೆ ಕೇಳಬಹುದು, ಟ್ಯಾಕ್ಸಿಗೆ ಕೇಳುವುದು ಹೇಗೆ? ಈ ನಾಚಿಕೆಯನ್ನು ಬಿಡಬೇಕು. ಒಂದು ಇನ್ನೂರು ಪುಟದ ಪುಸ್ತಕದಲ್ಲಿ ದಿನಾಂಕ ಹಾಕಿ ಹೋದ ಖರ್ಚು, ಬಂದ ಖರ್ಚು, ಹೊತ್ತು ಇಳಿಸಿದವರಿಗೆ ಕೊಟ್ಟದ್ದು, ಕಳೆದುಕೊಂಡ ಸಂಬಳ ಎಲ್ಲವನ್ನೂ ಬರೆದಿಡಲಿ. ಎರಡು ತಿಂಗಳ ಲೆಕ್ಕವನ್ನು ಎಲ್ಲರ ಮುಂದಿಡಲಿ. ಜಗಳಕ್ಕಲ್ಲ, ತಿಳಿವಳಿಕೆಗೆ. ದೂರದಲ್ಲಿದ್ದವರು ಹಣದ ಪಾಲನ್ನು ಹೆಚ್ಚು ಹೊರಲಿ, ಹತ್ತಿರದಲ್ಲಿದ್ದವರು ಮೈಯ ದುಡಿಮೆಯನ್ನು ಹೊರುತ್ತಿದ್ದಾರೆಂದು ನೆನಪಿಡಲಿ. ಹಬ್ಬಕ್ಕೊಮ್ಮೆ ಕಳುಹಿಸುವ ದೊಡ್ಡ ಮೊತ್ತಕ್ಕಿಂತ ಪ್ರತಿ ತಿಂಗಳ ಒಂದನೇ ತಾರೀಕಿಗೆ ತಪ್ಪದೆ ಬರುವ ಮೂರು ಸಾವಿರ ರೂಪಾಯಿ ಈ ಮನೆಗೆ ಹೆಚ್ಚು ಉಪಕಾರಿ. ಸಾಧ್ಯವಿದ್ದರೆ ಆ ಹಣ ರೋಗಿಯ ಸ್ವಂತ ಬ್ಯಾಂಕ್ ಖಾತೆಗೇ ಬರಲಿ. ಟ್ಯಾಕ್ಸಿಯವನಿಗೆ ತನ್ನ ಕೈಯಿಂದ ನೋಟು ಕೊಟ್ಟವರು 'ಇವತ್ತು ಬೇಡ' ಎನ್ನುವುದು ಕಡಿಮೆ.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪೆರಿಟೋನಿಯಲ್ ಡಯಾಲಿಸಿಸ್ ಎಂಬ ವಿಧಾನವಿದೆ. ಕೇಂದ್ರ ಸರಕಾರ 2019ರಲ್ಲಿ ಇದಕ್ಕೂ ಮಾರ್ಗಸೂಚಿ ಹೊರಡಿಸಿದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ, ಸ್ವಚ್ಛತೆ ಬಹಳ ಮುಖ್ಯ, ದ್ರಾವಣದ ಚೀಲಗಳಿಗೂ ಖರ್ಚಿದೆ. ಆದರೆ ಮೂರನೇ ಮಾಳಿಗೆಯಿಂದ ಇಳಿಯುವುದೇ ಕಷ್ಟವಾಗಿರುವವರು ಅದು ತಮಗೆ ಆಗುವುದೇ ಎಂದು ಒಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಸಂಘಗಳು ಮಾಡಬಹುದಾದುದು

ಇನ್ನು ಸಂಘ-ಸಂಸ್ಥೆಗಳ ಪಾಲು. ಇದಕ್ಕಾಗಿ ಹೊಸ ಕಟ್ಟಡ ಬೇಡ, ಹೊಸ ಟ್ರಸ್ಟ್ ಬೇಡ. ಈಗಿರುವ ವೈದ್ಯಕೀಯ ನಿಧಿಯಲ್ಲೇ ಒಂದು ಭಾಗವನ್ನು 'ಚಿಕಿತ್ಸಾ ಪ್ರಯಾಣ ನಿಧಿ' ಎಂದು ಬೇರೆ ಇಡಬಹುದು. ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಚೆಕ್ ನೀಡುವ ಬದಲು ತಿಂಗಳಿಗೊಮ್ಮೆ ಖಾತೆಗೆ ಜಮೆ ಮಾಡಬಹುದು. ಒಬ್ಬರಿಗೆ ಒಮ್ಮೆ ಕೊಡುವ 30,000 ರೂಪಾಯಿಯನ್ನೇ ತಿಂಗಳಿಗೆ 2,500ರಂತೆ ಹಂಚಿದರೆ ಹನ್ನೆರಡು ತಿಂಗಳು ಅವರ ದಾರಿಯ ಒಂದು ಪಾಲನ್ನು ಸಂಘ ಹೊತ್ತಂತಾಗುತ್ತದೆ.

ಪದಾಧಿಕಾರಿಗಳು ಎತ್ತುವ ಆಕ್ಷೇಪಗಳು ನಮಗೆ ತಿಳಿಯದವಲ್ಲ. ಟ್ಯಾಕ್ಸಿ, ರಿಕ್ಷಾದವರು ರಸೀದಿ ಕೊಡುವುದಿಲ್ಲ, ಲೆಕ್ಕ ಪರಿಶೋಧಕರಿಗೆ ಏನು ತೋರಿಸುವುದು ಎನ್ನುತ್ತಾರೆ. ಡಯಾಲಿಸಿಸ್ ಕೇಂದ್ರದಲ್ಲಿ ಪ್ರತಿ ಬಾರಿಯೂ ದಿನಾಂಕ, ತೂಕ, ರಕ್ತದೊತ್ತಡ ಬರೆದಿಡುತ್ತಾರೆ. ಅದರ ನಕಲೇ ಸಾಕ್ಷಿ. ತಿಂಗಳಲ್ಲಿ ಎಷ್ಟು ಬಾರಿ ಹೋದರು ಎಂಬುದು ಅದರಲ್ಲೇ ಇದೆ. ಬಾರಿಗೆ ಇಂತಿಷ್ಟು ಎಂದು ನಿಗದಿ ಮಾಡಿದರೆ ರಸೀದಿಯ ಗೊಡವೆಯೇ ಬೇಡ. ಅಲ್ಲದೆ ಯಾವ ತಿಂಗಳು ಹನ್ನೆರಡರ ಬದಲು ಒಂಬತ್ತು ಬಾರಿ ಮಾತ್ರ ಹೋಗಿದ್ದಾರೆಂದು ಕಂಡರೆ ಕಾರ್ಯಕರ್ತರು ಒಮ್ಮೆ ಮನೆಗೆ ಹೋಗಿ ಕಾರಣ ಕೇಳಲೂ ಇದರಿಂದ ಸಾಧ್ಯವಾಗುತ್ತದೆ. ಹಣಕ್ಕಿಂತ ಆ ಭೇಟಿ ದೊಡ್ಡದಾಗಬಹುದು.

'ಒಬ್ಬರಿಗೆ ಕೊಟ್ಟರೆ ಹತ್ತು ಮಂದಿ ಬರುತ್ತಾರೆ, ಇದಕ್ಕೆ ಕೊನೆಯಿಲ್ಲ' ಎಂಬುದು ಇನ್ನೊಂದು ಮಾತು. ನಿಜ. ಆದರೆ ಹತ್ತು ಮಂದಿ ಬರುತ್ತಾರೆಂದರೆ ಹತ್ತು ಮನೆಗಳಲ್ಲಿ ಈ ಕಷ್ಟ ಇದೆಯೆಂದೇ ಅರ್ಥ. ಎಲ್ಲರಿಗೂ ಪೂರ್ತಿ ಖರ್ಚು ಕೊಡಲು ಯಾವ ಸಂಘಕ್ಕೂ ಆಗದು. ನಡೆಯಲಾಗದವರು, ಒಂಟಿಯಾಗಿರುವವರು, ದಿನಗೂಲಿಯ ಮನೆಯವರು ಎಂದು ಕ್ರಮ ಹಾಕಿಕೊಳ್ಳಬಹುದು. ಒಂದು ವರ್ಷಕ್ಕೆ ಇಷ್ಟೇ ಮಂದಿ ಎಂದು ಮೊದಲೇ ಹೇಳಿಬಿಡಬಹುದು. ಅರ್ಧದಲ್ಲಿ ನಿಲ್ಲಿಸದಿರುವುದು ಮುಖ್ಯ. ನಂಬಿ ಕುಳಿತವರಿಗೆ ಆರನೇ ತಿಂಗಳಲ್ಲಿ ಕೈ ಎತ್ತುವುದಕ್ಕಿಂತ ಕಡಿಮೆ ಮಂದಿಯನ್ನು ಆರಿಸಿ ವರ್ಷಪೂರ್ತಿ ಕೊಡುವುದು ಲೇಸು.

ಹಣವಿಲ್ಲದೆಯೂ ಆಗುವ ಕೆಲಸಗಳಿವೆ. ಒಂದೇ ಉಪನಗರದಿಂದ ಒಂದೇ ಆಸ್ಪತ್ರೆಗೆ ಹೋಗುವ ಇಬ್ಬರು ರೋಗಿಗಳು ಪರಸ್ಪರ ಗೊತ್ತಿಲ್ಲದೆ ಎರಡು ಟ್ಯಾಕ್ಸಿ ಹಿಡಿಯುತ್ತಿರುತ್ತಾರೆ. ಸ್ಥಳೀಯ ಸಮಿತಿಯ ಕಾರ್ಯದರ್ಶಿಯ ಬಳಿ ಒಂದು ಪಟ್ಟಿ ಇದ್ದರೆ ಅವರನ್ನು ಒಂದುಗೂಡಿಸಬಹುದು. ಆಸ್ಪತ್ರೆಯವರಲ್ಲಿ ವಿನಂತಿಸಿ ಇಬ್ಬರಿಗೂ ಒಂದೇ ಪಾಳಿ ಕೊಡಿಸಲು ಪ್ರಯತ್ನಿಸಬಹುದು. ಮನೆಗೆ ಹತ್ತಿರದ ಕೇಂದ್ರದಲ್ಲಿ ಜಾಗ ಖಾಲಿಯಾಗಿದೆಯೇ ಎಂದು ಆಗಾಗ ವಿಚಾರಿಸುವವರಿದ್ದರೆ ಪರೇಲ್‌ಗೆ ಹೋಗುವವರು ಮುಲುಂಡ್‌ನಲ್ಲೇ ಚಿಕಿತ್ಸೆ ಪಡೆಯುವಂತಾಗಬಹುದು. ಆಗ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ನಮ್ಮವರೇ ಆದ ರಿಕ್ಷಾ, ಟ್ಯಾಕ್ಸಿ ಚಾಲಕರು ಈ ನಗರದಲ್ಲಿ ಸಾಕಷ್ಟಿದ್ದಾರೆ. ತಿಂಗಳ ಲೆಕ್ಕದಲ್ಲಿ ಒಬ್ಬ ನಂಬಿಗಸ್ತ ಚಾಲಕನನ್ನು ಗೊತ್ತುಮಾಡಿದರೆ ಅವನಿಗೆ ಖಚಿತ ಬಾಡಿಗೆ, ರೋಗಿಗೆ ಪರಿಚಿತ ಕೈ. ರೋಗಿಯನ್ನು ಎತ್ತುವ ಕ್ರಮ ಅವನಿಗೆ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ.

ಯುವ ವಿಭಾಗದವರಿಗೆ ನಮ್ಮದೊಂದು ಸಲಹೆ. ಕ್ರಿಕೆಟ್ ಪಂದ್ಯಾಟ ಬೇಕು, ನಿಲ್ಲಿಸುವುದು ಬೇಡ. ಜೊತೆಗೆ ತಿಂಗಳಿಗೆ ಒಂದು ಶನಿವಾರ ಒಬ್ಬೊಬ್ಬರು ಒಬ್ಬ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ ಕೂರಲಿ. ನಾಲ್ಕು ಮಂದಿ ಹುಡುಗರು ಹೀಗೆ ಸರದಿ ಹಾಕಿಕೊಂಡರೆ ಆ ಮನೆಯವನಿಗೆ ತಿಂಗಳಲ್ಲಿ ನಾಲ್ಕು ದಿನದ ಸಂಬಳ ಉಳಿಯುತ್ತದೆ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ತುಂಬುವುದು, ರೈಲ್ವೆ ರಿಯಾಯಿತಿಯ ನಮೂನೆಗೆ ವೈದ್ಯರ ಸಹಿ ಹಾಕಿಸುವುದು, ಆರೋಗ್ಯ ಯೋಜನೆಯ ಕಾಗದ ಸರಿಪಡಿಸುವುದು ಕಂಪ್ಯೂಟರ್ ಬಲ್ಲ ಹುಡುಗರಿಗೆ ಅರ್ಧ ದಿನದ ಕೆಲಸ. ಆ ಅರ್ಧ ದಿನ ಸಿಗದೆ ಕಾಲು ಕಳೆದುಕೊಂಡು ವರ್ಷಗಳಾದರೂ ಕಾರ್ಡ್ ಮಾಡಿಸದವರು ನಮ್ಮ ನಡುವೆ ಇದ್ದಾರೆ. ಕೆಲವರು 'ಅಂಗವಿಕಲ' ಎಂಬ ಮುದ್ರೆ ಬೇಡವೆಂದೇ ಮಾಡಿಸಿಲ್ಲ. ಅವರ ಮನವೊಲಿಸಲು ಮನೆಯವರಿಗಿಂತ ಹೊರಗಿನ ಒಬ್ಬ ಹುಡುಗನ ಸಮಾಧಾನದ ಮಾತು ಹೆಚ್ಚು ಫಲ ಕೊಡಬಹುದು.

ಕೊನೆಯದಾಗಿ ಒಂದು ಸೂಕ್ಷ್ಮದ ಮಾತು. ನೆರವು ನೀಡುವಾಗ ರೋಗಿಯನ್ನು ಗಾಲಿಕುರ್ಚಿಯಲ್ಲಿ ವೇದಿಕೆಗೆ ತಂದು, ಗಣ್ಯರು ಸಾಲಾಗಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅಂತಹ ಚಿತ್ರಗಳನ್ನು ಪತ್ರಿಕೆಗಳೂ ಪ್ರಕಟಿಸುತ್ತಾ ಬಂದಿವೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು. ದಾನಿಯ ಹೆಸರು ಪ್ರಕಟವಾಗಲಿ, ಅದರಿಂದ ಇನ್ನೂ ನಾಲ್ವರಿಗೆ ಪ್ರೇರಣೆಯಾದೀತು. ಪಡೆದವರ ಮುಖ ಬೇಡ. ಒಂದು ಕಾಲದಲ್ಲಿ ಹತ್ತು ಮಂದಿಗೆ ಊಟ ಬಡಿಸಿದ ಮನುಷ್ಯನಿಗೆ ಟ್ಯಾಕ್ಸಿ ಬಾಡಿಗೆಗಾಗಿ ಸಭಾಂಗಣದ ಮುಂದೆ ಕೈಯೊಡ್ಡುವ ಸ್ಥಿತಿ ಬರಬಾರದು. ಬಂದರೆ ಆತ ನೆರವನ್ನೇ ಬೇಡವೆನ್ನುತ್ತಾನೆ. ಮತ್ತೆ 'ಇವತ್ತು ಮೈ ಹಗುರ ಉಂಟು' ಎನ್ನುವ ಶನಿವಾರ ಬರುತ್ತದೆ.

ಈ ಮಹಾನಗರಕ್ಕೆ ಬಂದ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಮೊದಲ ಪ್ರಯಾಣದ ಟಿಕೇಟನ್ನು ತೆಗೆಸಿಕೊಟ್ಟವರು ಯಾರೋ ಊರಿನವರು, ಯಾರೋ ದೂರದ ಸಂಬಂಧಿ. ಬಂದು ಇಳಿದ ಹುಡುಗನನ್ನು ಹೋಟೆಲಿನವರೆಗೆ ಕರೆದೊಯ್ದವರೂ ಅಂತಹವರೇ. ಆ ಹುಡುಗರೇ ಮುಂದೆ ಚಂದಾ ಎತ್ತಿ ಸಂಘಗಳನ್ನು ಕಟ್ಟಿದರು, ರಾತ್ರಿಶಾಲೆಗಳನ್ನು ನಡೆಸಿದರು. ಇಂದು ಅವರಲ್ಲಿ ಕೆಲವರಿಗೆ ಸಂಘದ ಸಭೆಗೆ ಬರಲು ಕಾಲಿಲ್ಲ, ಆಸ್ಪತ್ರೆಗೆ ಹೋಗಲು ಬಾಡಿಗೆಯಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಚಿಕಿತ್ಸಾ ಪ್ರಯಾಣ ನಿಧಿಯ ವಿಷಯವನ್ನು ಸೇರಿಸುವಂತೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಕಾರ್ಯದರ್ಶಿಗೆ ಒಂದು ಪತ್ರ ಬರೆಯಬೇಕೆಂಬುದು ನಮ್ಮ ಕಳಕಳಿಯ ವಿನಂತಿ. ಅದಕ್ಕೂ ಮೊದಲು, ತಮ್ಮದೇ ಕುಟುಂಬದಲ್ಲಿ ವಾರವಾರ ಆಸ್ಪತ್ರೆಗೆ ಹೋಗುವವರು ಯಾರಾದರೂ ಇದ್ದರೆ, ಅವರ ಟ್ಯಾಕ್ಸಿಗೆ ದುಡ್ಡು ಕೊಡುತ್ತಿರುವವರು ಯಾರೆಂದು ಇಂದೇ ಒಂದು ಫೋನ್ ಮಾಡಿ ಕೇಳಲಿ.